ಚಾರ್‌ಧಾಮ್: ನಾಲ್ಕೂ ಬೇಕಾ, ಎರಡು ಸಾಕಾ, ಇಲ್ಲ ಒಂದೇ ಒಂದಾ?

ಅಮ್ಮ ಕೇಳಿದ್ದು ಬದರಿ ಒಂದನ್ನೇ. "ಸಾಯೋದ್ರೊಳಗೆ ಒಂದ್ಸಲ ಬದರಿನಾರಾಯಣನ್ನ ನೋಡ್ಬೇಕು ಕಣೋ" ಅಂದಿದ್ದಳು, ಅಷ್ಟೇ. ನಾನು ದೊಡ್ಡ ಮಗನ ಹುಮ್ಮಸ್ಸಿನಲ್ಲಿ, ಹೇಗಿದ್ದರೂ ಅಷ್ಟು ದೂರ ಹೋಗುತ್ತೀವಲ್ಲ, ನಾಲ್ಕೂ ಮುಗಿಸಿಬಿಡೋಣ ಎಂದು ಹತ್ತು ದಿನದ ಪ್ಯಾಕೇಜ್ ಬುಕ್ ಮಾಡಿದೆ. ಕೊನೆಗೆ ಬದರಿ ಗುಡಿಯ ಮುಂದೆ ನಿಂತಾಗ ಅಮ್ಮನ ಮಂಡಿ ಊದಿತ್ತು, ಚಿಕ್ಕಮ್ಮನಿಗೆ ಜ್ವರ, ಡ್ರೈವರ್ ಆಗಲೇ ಎರಡು ಸಲ ಫೋನ್ ಮಾಡಿ "ಬೇಗ ಬನ್ನಿ, ಕತ್ತಲಾಗುವುದರೊಳಗೆ ಕೆಳಗಿಳಿಯಬೇಕು" ಅಂದಿದ್ದ. ಅವಳು ಕೇಳಿದ ಒಂದೇ ಜಾಗಕ್ಕೆ ನಾವು ಕೊಟ್ಟದ್ದು ಒಂದೂವರೆ ಗಂಟೆ.

ಆಮೇಲೆ ಎರಡು ಸಲ ಹೋಗಿದ್ದೇನೆ, ಬೇರೆ ಬೇರೆ ರೀತಿಯಲ್ಲಿ. ಈಗ ಯಾರಾದರೂ "ಚಾರ್‌ಧಾಮ್‌ಗೆ ಹೋಗ್ಬೇಕು, ಯಾವ ಪ್ಯಾಕೇಜ್ ಒಳ್ಳೇದು" ಎಂದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಜೊತೆ ಬರುವವರಲ್ಲಿ ಎಲ್ಲರಿಗಿಂತ ಕಮ್ಮಿ ನಡೆಯುವವರು ಯಾರು? ಅವರನ್ನು ನೋಡಿ ಧಾಮ ಆರಿಸಿ. ನಿಮ್ಮ ಉತ್ಸಾಹ ನೋಡಿ ಅಲ್ಲ, ಪ್ಯಾಕೇಜಿನ ರೇಟು ನೋಡಿಯಂತೂ ಅಲ್ಲವೇ ಅಲ್ಲ.

ಒಂದು ಗೊಂದಲ ಮೊದಲೇ ಮುಗಿಸಿಬಿಡೋಣ. ಹಳೆಯ ಕಾಲದಿಂದ ನಾಲ್ಕು ಧಾಮ ಅಂದರೆ ಬದರಿ, ದ್ವಾರಕೆ, ಪುರಿ, ರಾಮೇಶ್ವರ, ದೇಶದ ನಾಲ್ಕು ದಿಕ್ಕಿಗೆ ಒಂದೊಂದು. ಇವತ್ತು ಟ್ರಾವೆಲ್ಸ್‌ನವರು ಮಾರುವುದು ಉತ್ತರಾಖಂಡದ ನಾಲ್ಕು: ಯಮುನೋತ್ರಿ, ಗಂಗೋತ್ರಿ, ಕೇದಾರನಾಥ, ಬದರಿನಾಥ. ಇದನ್ನು ಛೋಟಾ ಚಾರ್‌ಧಾಮ್ ಅನ್ನುತ್ತಾರೆ. ಹೆಸರಿಗೆ ಛೋಟಾ, ರಸ್ತೆ ಮಾತ್ರ ಛೋಟಾ ಅಲ್ಲ. ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ನಾನು ಹೇಳಿದ ಇದೇ ಕ್ರಮದಲ್ಲಿ ಮಾಡುವುದು ರೂಢಿ. ನಾಲ್ಕೂ ನದಿಗಳ ಜಾಗ: ಯಮುನೆ, ಭಾಗೀರಥಿ, ಮಂದಾಕಿನಿ, ಅಲಕನಂದಾ. ಮಂದಾಕಿನಿ ರುದ್ರಪ್ರಯಾಗದಲ್ಲಿ ಅಲಕನಂದೆಗೆ ಸೇರುತ್ತದೆ, ಅಲಕನಂದೆ ದೇವಪ್ರಯಾಗದಲ್ಲಿ ಭಾಗೀರಥಿಗೆ. ಅಲ್ಲಿಂದ ಕೆಳಕ್ಕೇ ಅದಕ್ಕೆ ಗಂಗೆ ಎಂದು ಹೆಸರು. ಋಷಿಕೇಶದಿಂದ ಬದರಿಗೆ ಹೋಗುವ ದಾರಿಯಲ್ಲೇ ಈ ಎರಡೂ ಸಂಗಮ ಸಿಗುತ್ತವೆ. ಗಾಡಿ ನಿಲ್ಲಿಸಿ ನೋಡಿ, ದೇವಪ್ರಯಾಗದಲ್ಲಿ ಎರಡು ಬಣ್ಣದ ನೀರು ಪಕ್ಕಪಕ್ಕ ಹರಿದು ಬೆರೆಯುವುದು ಕಣ್ಣಿಗೇ ಕಾಣುತ್ತದೆ.

ಕೇದಾರ: ಎಲ್ಲರೂ ಕೇಳುವುದು ಇದನ್ನೇ, ಎಲ್ಲರೂ ಕಷ್ಟಪಡುವುದೂ ಇಲ್ಲೇ

ಎತ್ತರ 3,583 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಹೆಚ್ಚುಕಮ್ಮಿ ಕೇದಾರ. ಅಷ್ಟು ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡರಷ್ಟು. ಜೀಪು ಹೋಗುವ ಕೊನೆಯ ಊರು ಗೌರಿಕುಂಡ, ಅಲ್ಲಿಂದ ನಡಿಗೆ ಸುಮಾರು 16 ಕಿಲೋಮೀಟರ್. 2013ರ ಜೂನ್ 16, 17ರ ಪ್ರವಾಹದಲ್ಲಿ ರಾಮಬಾಡಾ ಎಂಬ ಊರೇ ಕೊಚ್ಚಿಹೋಯಿತು, ಹಳೆಯ ದಾರಿಯೂ ಹೋಯಿತು. ಹೊಸ ದಾರಿ ಅದಕ್ಕಿಂತ ಉದ್ದ, ಕೊನೆಯ ಅರ್ಧ ಜಾಸ್ತಿ ಕಡಿದು. ಗೌರಿಕುಂಡ ಇರುವುದು ಸುಮಾರು 2,000 ಮೀಟರ್‌ನಲ್ಲಿ. ಹಾಗಾಗಿ ಒಂದೇ ದಿನ 1,600 ಮೀಟರ್ ಮೇಲೇರುತ್ತೀರಿ.

"ತಿರುಪತಿ ಬೆಟ್ಟ ನಡ್ಕೊಂಡೇ ಹತ್ತಿದ್ದೀನಿ, ಇದೇನು ಮಹಾ" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅಲಿಪಿರಿಯಲ್ಲಿ ಕಾಲು ಸೋಲುತ್ತದೆ, ಇಲ್ಲಿ ಉಸಿರು ಸೋಲುತ್ತದೆ. ಎರಡೂ ಬೇರೆ. ನಲವತ್ತರ ಒಳಗಿನವರಿಗೂ ಏಳರಿಂದ ಹತ್ತು ಗಂಟೆ ಹಿಡಿಯಬಹುದು. ಹೊರಡುವ ಎರಡು ತಿಂಗಳ ಮೊದಲಿಂದ ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೋ ಮನೆ ಹತ್ತಿರದ ಯಾವುದಾದರೂ ಏರನ್ನೋ ಹತ್ತಿ ಇಳಿದರೆ ಕಾಲಿನ ಸಮಸ್ಯೆಯಾದರೂ ಅರ್ಧ ಮುಗಿಯುತ್ತದೆ. ಉಸಿರಿನದಕ್ಕೆ ಒಂದೇ ಉಪಾಯ, ಹಿಂದಿನ ರಾತ್ರಿ ಗುಪ್ತಕಾಶಿಯಲ್ಲೋ ಸೋನ್‌ಪ್ರಯಾಗದಲ್ಲೋ ಮಲಗಿ, ಬೆಳಗ್ಗೆ ನಾಲ್ಕೂವರೆಗೆ ಹೊರಟು, ನಿಧಾನಕ್ಕೆ ಹತ್ತಿ, ರಾತ್ರಿ ಮೇಲೆಯೇ ಉಳಿಯುವುದು. ಒಂದೇ ದಿನದಲ್ಲಿ ಹತ್ತಿ ಇಳಿಯುತ್ತೀವಿ ಅನ್ನುವ ಪ್ಯಾಕೇಜ್ ಇದ್ದರೆ ಅದನ್ನು ಬಿಡಿ.

ನಡೆಯಲಾಗದವರಿಗೆ ಮೂರು ದಾರಿ. ಕುದುರೆ, ಅಂದರೆ ನಿಜವಾಗಿ ಹೆಚ್ಚಿನವು ಹೇಸರಗತ್ತೆಗಳು. ಮಂಡಿ ನೋವಿನವರು ಇದೇ ಸುಖ ಅಂದುಕೊಳ್ಳುತ್ತಾರೆ. ಆದರೆ ಐದಾರು ಗಂಟೆ ತೊಡೆ ಬಿಗಿಹಿಡಿದು ಕೂರಬೇಕು, ಇಳಿಯುವಾಗ ಸೊಂಟಕ್ಕೆ ಒಂದೊಂದು ಹೆಜ್ಜೆಯೂ ಏಟು. ಜೊತೆಗೆ ಆ ಪ್ರಾಣಿಗಳ ಸ್ಥಿತಿ ನೋಡಿದರೆ ಮನಸ್ಸು ಒಪ್ಪುವುದಿಲ್ಲ. 2025ರ ಮೇ ತಿಂಗಳಲ್ಲಿ ಅವುಗಳಿಗೆ ಸೋಂಕು ಬಂದು ಸಾಯತೊಡಗಿ ಕೆಲವು ದಿನ ಸೇವೆಯನ್ನೇ ನಿಲ್ಲಿಸಿದ್ದರು. ಎರಡನೆಯದು ಡೋಲಿ, ನಾಲ್ಕು ಜನ ಹೊರುವುದು. ದುಬಾರಿ, ಹೊರುವವರ ಬೆವರು ನೋಡುತ್ತಾ ಕೂರಲು ಒಂಥರಾ ಮುಜುಗರ, ಆದರೆ ಎಪ್ಪತ್ತು ದಾಟಿದವರಿಗೆ ನೆಲದ ಮೇಲಿನ ದಾರಿಯಲ್ಲಿ ಇದೇ ವಾಸಿ. ಬೆನ್ನಿನ ಬುಟ್ಟಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಹೋಗುವ ಪಿಟ್ಟೂಗಳೂ ಇದ್ದಾರೆ, ಅದು ಮಕ್ಕಳಿಗೆ, ತೆಳ್ಳಗಿನ ಅಜ್ಜಿಯರಿಗೆ. ದರ ಎಲ್ಲಕ್ಕೂ ಕೌಂಟರ್‌ನಲ್ಲಿ ಬರೆದಿರುತ್ತಾರೆ, ಚೀಟಿ ಪಡೆದೇ ಹತ್ತಿ. ದಾರಿ ಮಧ್ಯದಲ್ಲಿ ಮಾತಾಡಿಕೊಂಡರೆ ಎರಡರಷ್ಟು ಕೀಳುತ್ತಾರೆ.

ಮೂರನೆಯದು ಹೆಲಿಕಾಪ್ಟರ್. ಗುಪ್ತಕಾಶಿ, ಫಾಟಾ, ಸಿರ್ಸಿ, ಈ ಮೂರು ಜಾಗದಿಂದ ಹಾರುತ್ತದೆ. ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ವೆಬ್‌ಸೈಟಿನಲ್ಲಿ ಮಾತ್ರ. ವಾಟ್ಸ್ಯಾಪ್‌ನಲ್ಲಿ "ಕನ್ಫರ್ಮ್ ಟಿಕೆಟ್" ಎಂದು ಬರುವುದೆಲ್ಲ ಮೋಸ ಎಂದೇ ತಿಳಿದುಕೊಳ್ಳಿ. 2025ರ ಸೀಸನ್ ಶುರುವಾದಾಗ ಫಾಟಾದಿಂದ ಹೋಗಿಬರಲು ಒಬ್ಬರಿಗೆ ಆರು ಸಾವಿರ ರೂಪಾಯಿ ಆಸುಪಾಸು ಇತ್ತು, ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಏರಿಸಿದರು. ಬುಕಿಂಗ್ ತೆರೆದ ಕೆಲವೇ ಹೊತ್ತಿನಲ್ಲಿ ಮುಗಿದುಹೋಗುತ್ತದೆ, ಸಿಕ್ಕರೂ ಮೋಡ ಕವಿದರೆ ಹಾರಾಟ ರದ್ದು. ಹಾಗಾಗಿ ಹೆಲಿಕಾಪ್ಟರ್ ನಂಬಿದವರು ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಲೇಬೇಕು. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಹತ್ತು ನಿಮಿಷದಲ್ಲಿ ನಿಮ್ಮನ್ನು 3,583 ಮೀಟರ್‌ಗೆ ಬಿಡುತ್ತಾರೆ, ದೇಹಕ್ಕೆ ಒಗ್ಗಿಕೊಳ್ಳಲು ಪುರುಸೊತ್ತೇ ಇಲ್ಲ. ನಡೆದು ಬಂದವರಿಗಿಂತ ಹಾರಿ ಬಂದವರಿಗೇ ಅಲ್ಲಿ ತಲೆಸುತ್ತು, ವಾಕರಿಕೆ ಬರುವುದನ್ನು ನೋಡಿದ್ದೇನೆ. ಅಪಾಯ ಇಲ್ಲವೇ ಇಲ್ಲ ಅಂತಲೂ ಅಲ್ಲ. 2025ರ ಜೂನ್ 15ರಂದು ಕೇದಾರದಿಂದ ಮರಳುತ್ತಿದ್ದ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಏಳು ಜನ ತೀರಿಕೊಂಡರು. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇ ಕಟ್ಟಲು ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ಆದಾಗ 36 ನಿಮಿಷದ ದಾರಿಯಂತೆ. ಅದಕ್ಕೆ ವರ್ಷಗಳು ಬೇಕು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದಿರುವವರು ಅದನ್ನು ಕಾಯುತ್ತಾ ಕೂರುವುದು ಬೇಡ.

ಇಷ್ಟು ಹೆದರಿಸಿದ ಮೇಲೂ ಹೇಳುತ್ತೇನೆ, ಕಾಲು ಗಟ್ಟಿ ಇರುವವರು ನಾಲ್ಕರಲ್ಲಿ ಒಂದನ್ನೇ ಆರಿಸುವುದಾದರೆ ಕೇದಾರವನ್ನೇ ಆರಿಸಿ. ಸಂಜೆ ಮೋಡ ಸರಿದು ಗುಡಿಯ ಹಿಂದೆ ಹಿಮದ ಗೋಡೆ ಇದ್ದಕ್ಕಿದ್ದಂತೆ ಎದ್ದು ನಿಂತಾಗ ಅಷ್ಟೊಂದು ಜನರ ಗದ್ದಲ ಒಂದು ಕ್ಷಣ ನಿಂತುಹೋಗುತ್ತದೆ. 2013ರಲ್ಲಿ ಪ್ರವಾಹದ ಜೊತೆ ಉರುಳಿಬಂದು ಗುಡಿಯ ಹಿಂದೆಯೇ ನಿಂತು ನೀರನ್ನು ಎರಡು ಪಾಲು ಮಾಡಿದ ಬಂಡೆ, ಭೀಮಶಿಲೆ, ಅಲ್ಲೇ ಇದೆ. ಪೂಜೆ ಮಾಡುತ್ತಾರೆ. ನಮ್ಮವರಿಗೆ ಇನ್ನೊಂದು ನಂಟೂ ಇದೆ. ಕೇದಾರದ ರಾವಲರು, ಅಂದರೆ ಗುಡಿಯ ಪೂಜಾ ಮುಖ್ಯಸ್ಥರು, ವೀರಶೈವ ಜಂಗಮ ಪರಂಪರೆಯವರು, ಪಂಚಪೀಠಗಳಲ್ಲಿ ಕೇದಾರ ಪೀಠವೂ ಒಂದಲ್ವಾ. ಅರ್ಚಕರಲ್ಲಿ ಕನ್ನಡದವರಿದ್ದಾರೆ, "ಎಲ್ಲಿಂದ ಬಂದ್ರಿ?" ಎಂದು ಅಷ್ಟು ಎತ್ತರದಲ್ಲಿ ಕನ್ನಡದಲ್ಲಿ ಕೇಳಿಸಿಕೊಂಡಾಗ ಚಿಕ್ಕಮ್ಮನ ಕಣ್ಣಲ್ಲಿ ನೀರೇ ಬಂತು. ಗುಡಿಯ ಹಿಂದಿನ ಆದಿ ಶಂಕರರ ದೊಡ್ಡ ಪ್ರತಿಮೆ, 2021ರ ನವೆಂಬರ್ 5ರಂದು ಅನಾವರಣ ಆದದ್ದು, ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ್ದು. ಬೆಳಗಿನ ಹೊತ್ತು ಲಿಂಗವನ್ನು ಮುಟ್ಟಿ ತುಪ್ಪ ಹಚ್ಚಲು ಬಿಡುತ್ತಾರೆ, ಜನ ಜಾಸ್ತಿ ಇದ್ದರೆ ಅದೂ ಇಲ್ಲ. ಸಂಜೆ ಅಲಂಕಾರ ಆದ ಮೇಲೆ ದೂರದಿಂದಲೇ. ಅದಕ್ಕೇ ರಾತ್ರಿ ಅಲ್ಲೇ ಉಳಿಯಿರಿ ಅಂದದ್ದು. ಸಂಜೆಯ ಆರತಿಯೂ ಸಿಗುತ್ತದೆ, ಬೆಳಗಿನ ಸ್ಪರ್ಶವೂ ಸಿಗುತ್ತದೆ.

ಬದರಿ: ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ಇಲ್ಲಿ ಬೆಟ್ಟ ಹತ್ತುವ ಮಾತಿಲ್ಲ. ಗಾಡಿ ಊರಿನವರೆಗೂ ಹೋಗುತ್ತದೆ, ಸೇತುವೆ ದಾಟಿ ಸ್ವಲ್ಪ ನಡೆದರೆ ಗುಡಿ. ಎತ್ತರ ಸುಮಾರು 3,100 ಮೀಟರ್. ಋಷಿಕೇಶದಿಂದ ಸುಮಾರು 295 ಕಿಲೋಮೀಟರ್, ಒಂದೇ ದಿನದಲ್ಲಿ ಹೋಗಬಹುದು ಅನ್ನುತ್ತಾರೆ, ಹೋಗಬೇಡಿ. ಪೀಪಲ್‌ಕೋಟಿಯಲ್ಲೋ ಜೋಶಿಮಠದಲ್ಲೋ ಒಂದು ರಾತ್ರಿ ಕಳೆಯಿರಿ. ಜೋಶಿಮಠದಿಂದ ಮೇಲಕ್ಕೆ 45 ಕಿಲೋಮೀಟರ್ ಮಾತ್ರ, ಆದರೆ ಲಾಂಬಗಡದ ಹತ್ತಿರ ಮಳೆಗಾಲದಲ್ಲಿ ಗುಡ್ಡ ಕುಸಿಯುವುದು ಮಾಮೂಲು.

ಗುಡಿಯ ಕೆಳಗೇ ತಪ್ತಕುಂಡ, ಬಿಸಿನೀರಿನ ಬುಗ್ಗೆ. ಹೊರಗೆ ಮೂಳೆ ಕೊರೆಯುವ ಚಳಿ, ಪಕ್ಕದಲ್ಲಿ ಅಲಕನಂದೆ ಭೋರ್ಗರೆಯುತ್ತಿರುತ್ತಾಳೆ, ಕುಂಡದ ನೀರು ಮೈ ಸುಡುವಷ್ಟು ಬಿಸಿ. ಅಮ್ಮನ ಮಂಡಿ ಊತ ಇಳಿದದ್ದು ಮಾತ್ರೆಯಿಂದಲೋ ಈ ನೀರಿನಿಂದಲೋ ಇನ್ನೂ ಮನೆಯಲ್ಲಿ ಚರ್ಚೆ ಇದೆ. ಪಿತೃಕಾರ್ಯ ಮಾಡುವವರಿಗೆ ಬ್ರಹ್ಮಕಪಾಲ ಇರುವುದು ಇಲ್ಲೇ, ಗುಡಿಯಿಂದ ಹತ್ತು ನಿಮಿಷ. ಅದು ನಿಮ್ಮ ಉದ್ದೇಶವಾಗಿದ್ದರೆ ಬೇರೆ ಯೋಚನೆಯೇ ಬೇಡ, ಬದರಿಯೇ ಸರಿ, ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ಮಾಧ್ವರ ಮನೆಗಳಲ್ಲಿ ಬದರಿ ಎಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ಮಧ್ವಾಚಾರ್ಯರು ಉಡುಪಿಯಿಂದ ಇಲ್ಲಿಗೆ ಬಂದು ವ್ಯಾಸರನ್ನು ಕಂಡರು ಎಂಬುದು ಆ ಪರಂಪರೆಯ ನಂಬಿಕೆಯ ಮೂಲ. ಇಲ್ಲಿನ ರಾವಲರು ಮಾತ್ರ ಕೇರಳದ ನಂಬೂದಿರಿಗಳು. ಕೇದಾರದಲ್ಲಿ ಕನ್ನಡ ನಾಡಿನ ನಂಟು, ಬದರಿಯಲ್ಲಿ ಮಲಯಾಳದ್ದು, ಹಿಮಾಲಯದ ಎರಡೂ ದೊಡ್ಡ ಗುಡಿಗಳ ಪೂಜೆ ತೆಂಕಣದವರ ಕೈಯಲ್ಲಿ.

ಮೂರು ಕಿಲೋಮೀಟರ್ ಮುಂದೆ ಮಾಣಾ, ಟಿಬೆಟ್ ಗಡಿಯ ಕಡೆಗಿನ ಊರು. ಭೀಮಸೇತು, ಅದರ ಕೆಳಗೆ ಅಬ್ಬರಿಸುವ ಸರಸ್ವತಿ, ವ್ಯಾಸಗುಹೆ. ಇದಕ್ಕೆ ಅರ್ಧ ದಿನ ಸಾಕು. ವಸುಧಾರಾ ಜಲಪಾತ ಅಲ್ಲಿಂದ ಇನ್ನೂ ಐದು ಕಿಲೋಮೀಟರ್ ನಡಿಗೆ, ಹಿರಿಯರನ್ನು ಕರೆದೊಯ್ಯಬೇಡಿ.

ಗಂಗೋತ್ರಿ ನನ್ನ ಪಕ್ಷಪಾತ

ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ನಾಲ್ಕರಲ್ಲಿ ನನಗೆ ಇಷ್ಟ ಗಂಗೋತ್ರಿ. ಗಾಡಿ ಹತ್ತಿರದವರೆಗೂ ಹೋಗುತ್ತದೆ, ಅಂಗಡಿಗಳ ಸಾಲಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಬಿಳಿ ಗುಡಿ. ಇದನ್ನು ಕಟ್ಟಿಸಿದ್ದು ಗೂರ್ಖಾ ಸೇನಾಪತಿ ಅಮರ ಸಿಂಗ್ ಥಾಪಾ. ಕೇದಾರದ ನೂಕುನುಗ್ಗಲು ಇಲ್ಲಿಲ್ಲ. ಸಂಜೆ ಘಾಟಿನಲ್ಲಿ ಆರತಿ ಮುಗಿದ ಮೇಲೂ ಸುಮ್ನೆ ಕೂರಲು ಜಾಗ ಸಿಗುತ್ತದೆ, ನೀರಿನ ಸದ್ದು ಒಂದೇ. ದಾರಿಯೂ ಚೆಂದ, ಹರ್ಸಿಲ್ ಸುತ್ತ ದೇವದಾರು, ಸೇಬಿನ ತೋಟ. ಆದರೆ ಅದೇ ದಾರಿಯ ಧರಾಲಿ ಎಂಬ ಊರನ್ನು 2025ರ ಆಗಸ್ಟ್ 5ರಂದು ಹಠಾತ್ ಬಂದ ಪ್ರವಾಹ ಕೆಸರಿನಲ್ಲಿ ಹೂತುಹಾಕಿತು. ಹೋಗುವ ಮುನ್ನ ರಸ್ತೆಯ ಸ್ಥಿತಿ ಉತ್ತರಕಾಶಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಗಂಗೋತ್ರಿ ಗುಡಿ ಇರುವ ಜಾಗವೇ ಗಂಗೆಯ ಮೂಲ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ನೀರು ಹಿಮನದಿಯಿಂದ ಹೊರಬೀಳುವುದು ಗೋಮುಖದಲ್ಲಿ, ಅಲ್ಲಿಂದ ಇನ್ನೂ ಸುಮಾರು 18 ಕಿಲೋಮೀಟರ್ ಒಳಗೆ, ಸುಮಾರು 4,000 ಮೀಟರ್ ಎತ್ತರದಲ್ಲಿ. ಚೀರಬಾಸಾ, ಆಮೇಲೆ ಭೋಜಬಾಸಾ, ಅಲ್ಲಿ ರಾತ್ರಿ, ಮರುದಿನ ಗೋಮುಖ ನೋಡಿ ವಾಪಸ್. ರಾಷ್ಟ್ರೀಯ ಉದ್ಯಾನದೊಳಗಿನ ದಾರಿ, ಅರಣ್ಯ ಇಲಾಖೆಯ ಪರವಾನಗಿ ಬೇಕು, ದಿನಕ್ಕೆ 150 ಜನಕ್ಕೆ ಮಾತ್ರ. ನದಿಯ ಹುಟ್ಟನ್ನೇ ನೋಡಬೇಕು ಎಂಬ ಆಸೆ ನಿಮ್ಮದಾದರೆ, ನಾಲ್ಕೂ ಧಾಮಕ್ಕೆ ಖರ್ಚು ಮಾಡುವ ದಿನಗಳಲ್ಲಿ ಅರ್ಧ ಇಲ್ಲಿಗೆ ಕೊಡಿ. ತಲಕಾವೇರಿಯಲ್ಲಿ ಒಂದು ಪುಟ್ಟ ಕುಂಡಿಕೆಯಲ್ಲಿ ನೀರು ಉಕ್ಕುವುದಕ್ಕೆ ಸಂಕ್ರಮಣದ ದಿನ ಕಾದು ಕೂತವರಿಗೆ, ಇಲ್ಲಿ ಮನೆಗಾತ್ರದ ಹಿಮದ ಬಾಯಿಂದ ಬೂದು ಬಣ್ಣದ ನದಿಯೊಂದು ಪೂರಾ ಬೆಳೆದೇ ಹೊರಗೆ ನುಗ್ಗುವುದನ್ನು ನೋಡಿದಾಗ ತಲೆಯೊಳಗಿನ "ಉಗಮ" ಎಂಬ ಪದವೇ ಬದಲಾಗುತ್ತದೆ. ಹಿಮನದಿಯ ತೀರಾ ಹತ್ತಿರ ಮಾತ್ರ ಹೋಗಬೇಡಿ, ಕಲ್ಲು, ಹಿಮದ ತುಂಡು ಬೀಳುತ್ತಲೇ ಇರುತ್ತವೆ.

ಯಮುನೋತ್ರಿ ಬಿಟ್ಟರೆ ನಡೆಯುತ್ತದಾ?

ನಡೆಯುತ್ತದೆ. ಗಾಡಿ ನಿಲ್ಲುವ ಜಾನಕಿಚಟ್ಟಿಯಿಂದ ಐದಾರು ಕಿಲೋಮೀಟರ್ ನಡಿಗೆ, ದೂರ ಕಮ್ಮಿ ಎಂದು ಸಸಾರ ಮಾಡುತ್ತಾರೆ. ಆದರೆ ಇಕ್ಕಟ್ಟಾದ ದಾರಿ, ಕಡಿದಾದ ಏರು, ಅದೇ ದಾರಿಯಲ್ಲಿ ಕುದುರೆ, ಡೋಲಿ, ಜನ ಎಲ್ಲ ಒಟ್ಟಿಗೆ. ನಮ್ಮ ಅಮ್ಮನ ಮಂಡಿ ಹೋದದ್ದು ಇಲ್ಲಿ, ಕೇದಾರದಲ್ಲಿ ಅಲ್ಲ. ನಾಲ್ಕು ಧಾಮದ ಪ್ಯಾಕೇಜಿನಲ್ಲಿ ಇದು ಮೊದಲ ನಿಲ್ದಾಣ ಬೇರೆ, ದೇಹ ಇನ್ನೂ ಊರಿನ ಗುಂಗಿನಲ್ಲೇ ಇರುತ್ತದೆ.

ಸೂರ್ಯಕುಂಡದ ಕುದಿಯುವ ನೀರಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಅಕ್ಕಿ, ಆಲೂಗಡ್ಡೆ ಬೇಯಿಸಿ ಅದನ್ನೇ ಪ್ರಸಾದ ಮಾಡುವುದು ಮಾತ್ರ ಬೇರೆಲ್ಲೂ ಕಾಣದ ಸೊಗಸು. ಯಮುನೆಯೂ ಗುಡಿಯ ಹತ್ತಿರ ಹುಟ್ಟುವುದಿಲ್ಲ, ಮೇಲಿನ ಬಂದರ್‌ಪೂಂಛ್ ಪರ್ವತದ ಹಿಮದಲ್ಲಿ ಹುಟ್ಟುತ್ತಾಳೆ, ಅಲ್ಲಿಗೆ ಸಾಮಾನ್ಯ ಯಾತ್ರಿಕರು ಹೋಗುವುದಿಲ್ಲ. ನಾಲ್ಕೂ ಮಾಡಲೇಬೇಕು ಎಂಬ ಹರಕೆ ಇದ್ದರೆ ಹೋಗಿ. ಇಲ್ಲದಿದ್ದರೆ ನಾನು ಮೊದಲು ಕೈಬಿಡುವುದು ಇದನ್ನೇ.

ಹಾಗಾದರೆ ಯಾವ ಜೋಡಿ?

ಕೈಯಲ್ಲಿ ಊರಿಂದ ಊರಿಗೆ ಎಂಟು ದಿನ, ನಡೆಯಬಲ್ಲ ಜನ: ಕೇದಾರ ಮತ್ತು ಬದರಿ. ಉತ್ತರದವರು ದೋ ಧಾಮ್ ಅನ್ನುವುದು ಇದನ್ನೇ. ಕೇದಾರದಿಂದ ಬದರಿಗೆ ಹೋಗುವಾಗ ರುದ್ರಪ್ರಯಾಗಕ್ಕೆ ವಾಪಸ್ ಇಳಿಯದೆ ಊಖಿಮಠ, ಚೋಪ್ತಾ, ಗೋಪೇಶ್ವರದ ಕಾಡು ದಾರಿ ಹಿಡಿಯಿರಿ. ಡ್ರೈವರ್ ರಸ್ತೆ ಕಿರಿದು ಎಂದು ಗೊಣಗಬಹುದು, ಬಿಡಬೇಡಿ. ಚೋಪ್ತಾದಿಂದ ನಾಲ್ಕು ಕಿಲೋಮೀಟರ್ ಹತ್ತಿದರೆ ತುಂಗನಾಥ, ಸುಮಾರು 3,680 ಮೀಟರ್, ಕೇದಾರಕ್ಕಿಂತಲೂ ಎತ್ತರ. ಆದರೆ ಜನ ಅದರ ಹತ್ತರಲ್ಲೊಂದು ಪಾಲೂ ಇಲ್ಲ.

ಹಿರಿಯರು ಜೊತೆಗಿದ್ದರೆ: ಬದರಿ ಒಂದೇ, ಇಲ್ಲವೇ ಬದರಿ ಮತ್ತು ಗಂಗೋತ್ರಿ. ಎರಡಕ್ಕೂ ಬೆಟ್ಟ ಹತ್ತುವ ಕಷ್ಟ ಇಲ್ಲ. ಈ ಜೋಡಿಯನ್ನು ಹೆಚ್ಚಿನ ಪ್ಯಾಕೇಜ್‌ನವರು ಮಾರುವುದಿಲ್ಲ, ಯಾಕೆಂದರೆ ಎರಡೂ ಬೇರೆ ಬೇರೆ ಕಣಿವೆ, ನಡುವೆ ಒಂದಿಡೀ ದಿನದ ಪಯಣ. ನೀವೇ ಗಾಡಿ ಮಾಡಿಕೊಂಡರೆ ಒಂಬತ್ತು ದಿನದಲ್ಲಿ ಆರಾಮಾಗಿ ಆಗುತ್ತದೆ. ನಾಲ್ಕೂ ಧಾಮಕ್ಕೆ ಹರಿದ್ವಾರದಿಂದ ಹರಿದ್ವಾರಕ್ಕೇ ಹನ್ನೆರಡು ದಿನ ಬೇಕು, ಮೇಲೆ ಎರಡು ದಿನ ಖಾಲಿ ಇಟ್ಟುಕೊಳ್ಳಬೇಕು. ಹತ್ತು ದಿನ, ಒಂಬತ್ತು ರಾತ್ರಿ ಎಂದು ಜಾಹೀರಾತಿನಲ್ಲಿ ಬರೆಯುವವರು ಉತ್ತರಕಾಶಿಯಿಂದ ಗುಪ್ತಕಾಶಿಗೆ ಹೋಗುವ ದಿನವನ್ನು ಬರಿ "ಪ್ರಯಾಣ" ಎಂದು ಒಂದು ಪದದಲ್ಲಿ ಮುಗಿಸುತ್ತಾರೆ. ಆ ಒಂದು ಪದ ಅಂದರೆ ಹತ್ತು ಗಂಟೆ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುವುದು. ಡೆಹ್ರಾಡೂನಿನಿಂದ ನಾಲ್ಕೂ ಧಾಮಕ್ಕೆ ಹೆಲಿಕಾಪ್ಟರ್ ಪ್ಯಾಕೇಜ್ ಇದೆ, ಒಬ್ಬರಿಗೆ ಲಕ್ಷದ ಮೇಲೆ. ದುಡ್ಡಿದ್ದವರಿಗೆ ಸರಿ, ಆದರೆ ಹಾರಾಟ ನಿಂತ ದಿನ ಅವರೂ ನಮ್ಮ ಹಾಗೇ ಕಾಯುತ್ತಾರೆ.

ಯಾವ ತಿಂಗಳು

ಯಮುನೋತ್ರಿ, ಗಂಗೋತ್ರಿ ಅಕ್ಷಯ ತೃತೀಯದಂದು ತೆರೆಯುತ್ತವೆ. ಕೇದಾರದ ದಿನವನ್ನು ಶಿವರಾತ್ರಿಯಂದು, ಬದರಿಯದನ್ನು ವಸಂತ ಪಂಚಮಿಯಂದು ಹೇಳುತ್ತಾರೆ. ಒಂದು ಅಂದಾಜಿಗೆ 2025ರಲ್ಲಿ ಮೊದಲೆರಡು ಏಪ್ರಿಲ್ 30ಕ್ಕೆ, ಕೇದಾರ ಮೇ 2ಕ್ಕೆ, ಬದರಿ ಮೇ 4ಕ್ಕೆ ತೆರೆದವು. ಮುಚ್ಚಿದ್ದು ಗಂಗೋತ್ರಿ ಅಕ್ಟೋಬರ್ 22, ಯಮುನೋತ್ರಿ ಮತ್ತು ಕೇದಾರ 23, ಬದರಿ ಮಾತ್ರ ನವೆಂಬರ್ 25.

ನಮ್ಮವರು ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಮೇ ತಿಂಗಳಲ್ಲಿ ಹೋಗುತ್ತಾರೆ. ದೇಶದ ಉಳಿದವರೂ ಅದನ್ನೇ ಮಾಡುತ್ತಾರೆ. ಸೋನ್‌ಪ್ರಯಾಗದ ಟ್ರಾಫಿಕ್ಕಿನಲ್ಲಿ ಕೂತರೆ ಸಿಲ್ಕ್‌ಬೋರ್ಡ್ ನೆನಪಾಗುತ್ತದೆ. ಜುಲೈ, ಆಗಸ್ಟ್ ಬೇಡವೇ ಬೇಡ, ಮಳೆ, ಭೂಕುಸಿತ, ಎರಡು ದಿನ ರಸ್ತೆಯಲ್ಲೇ ಸಿಕ್ಕಿಹಾಕಿಕೊಳ್ಳುವುದು. ಬದರಿ ದಾರಿಯ ಹೂವಿನ ಕಣಿವೆ ನೋಡುವ ಹುಚ್ಚಿದ್ದವರಿಗೆ ಮಾತ್ರ ಆ ತಿಂಗಳು. ನನ್ನ ಓಟು ದಸರಾ ರಜೆಗೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಶಿಖರಗಳು ಸ್ಪಷ್ಟ, ಜನ ಕಮ್ಮಿ, ರೂಮು ಚೌಕಾಸಿ ಮಾಡಿದರೆ ಸಿಗುತ್ತದೆ. ಚಳಿ ಜಾಸ್ತಿ, ಕೇದಾರದಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು. ಸ್ವೆಟರ್ ಮೇಲೆ ಸ್ವೆಟರ್ ಹಾಕಿದರೆ ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು.

ಇನ್ನೊಂದು ಆಯ್ಕೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಗುಡಿ ಮುಚ್ಚಿದ ಮೇಲೆ ದೇವರುಗಳು ಕೆಳಗಿನ ಊರಿಗೆ ಬರುತ್ತಾರೆ. ಯಮುನೆ ಖರ್ಸಾಲಿಗೆ, ಗಂಗೆ ಮುಖಬಾಗೆ, ಕೇದಾರನಾಥ ಊಖಿಮಠದ ಓಂಕಾರೇಶ್ವರ ಗುಡಿಗೆ, ಬದರಿಯ ಪೂಜೆ ಪಾಂಡುಕೇಶ್ವರ, ಜೋಶಿಮಠದಲ್ಲಿ. ಚಳಿಗಾಲ ಪೂರ್ತಿ ಅಲ್ಲೇ ಪೂಜೆ. ನಾಲ್ಕಕ್ಕೂ ಗಾಡಿ ಹೋಗುತ್ತದೆ, ಎತ್ತರ ಕಮ್ಮಿ, ಸರತಿ ಸಾಲು ಇಲ್ಲವೇ ಇಲ್ಲ. ಹೃದಯದ ತೊಂದರೆ ಇರುವ ಹಿರಿಯರನ್ನು ಕೇದಾರಕ್ಕೆ ಹತ್ತಿಸುವ ಬದಲು ಊಖಿಮಠಕ್ಕೆ ಕರೆದೊಯ್ಯುವುದರಲ್ಲಿ ಪುಣ್ಯ ಕಮ್ಮಿಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಪ್ಯಾಕೇಜಾ, ಸ್ವಂತ ಗಾಡಿಯಾ, ಬಸ್ಸಾ

ಆರು ಜನಕ್ಕಿಂತ ಜಾಸ್ತಿ ಇದ್ದರೆ ಹರಿದ್ವಾರದಲ್ಲೋ ಋಷಿಕೇಶದಲ್ಲೋ ಟೆಂಪೋ ಟ್ರಾವೆಲರ್, ನಾಲ್ಕು ಜನ ಇದ್ದರೆ ಕಾರು. ಡ್ರೈವರ್ ಅಲ್ಲಿಯವನೇ ಆಗಿರಲಿ. ಬೆಂಗಳೂರಿಂದ ಸ್ವಂತ ಕಾರಿನಲ್ಲಿ ಹೋಗುತ್ತೀವಿ ಅನ್ನುವವರ ಧೈರ್ಯಕ್ಕೆ ನಮಸ್ಕಾರ, ಗುಡ್ಡದ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಆ ಧೈರ್ಯ ಎಲ್ಲಿ ಹೋಗುತ್ತದೋ ನೋಡಬೇಕು. ವಿಮಾನದಲ್ಲಿ ಬರುವವರಿಗೆ ಡೆಹ್ರಾಡೂನಿನ ಜಾಲಿ ಗ್ರಾಂಟ್, ಅಲ್ಲಿಂದ ಋಷಿಕೇಶ ಹತ್ತಿರ. ಒಬ್ಬಂಟಿ, ಹುಡುಗರು ಆದರೆ ಬಸ್ಸು ಮತ್ತು ಶೇರಿಂಗ್ ಜೀಪಿನಲ್ಲೇ ಎಲ್ಲ ಮುಗಿಸಬಹುದು, ಎರಡನೇ ಸಲ ನಾನು ಹಾಗೇ ಮಾಡಿದ್ದು, ಅರ್ಧಕ್ಕರ್ಧ ಖರ್ಚು ಉಳಿಯಿತು. ಹೇಗೆ ಹೋದರೂ ಸೋನ್‌ಪ್ರಯಾಗದಿಂದ ಗೌರಿಕುಂಡದ ಕೊನೆಯ ಐದು ಕಿಲೋಮೀಟರ್ ಅಲ್ಲಿನ ಜೀಪಿನಲ್ಲೇ ಹೋಗಬೇಕು.

ಊರಿಂದ ಅಡುಗೆಯವರ ಸಮೇತ ಹೊರಡುವ ಕನ್ನಡದ ಯಾತ್ರಾ ತಂಡಗಳಿವೆ. ಹತ್ತು ದಿನ ಆಲೂ ಪರಾಠಾ, ರಾಜ್ಮಾ ತಿನ್ನಲಾಗದ, ಹಿಂದಿ ಬಾರದ ಹಿರಿಯರಿಗೆ ಅದು ದೊಡ್ಡ ನೆಮ್ಮದಿ, ಸಂಜೆ ಬಿಸಿ ಅನ್ನ ಸಾರು ಸಿಕ್ಕರೆ ಅರ್ಧ ಸುಸ್ತು ಹೋಗುತ್ತದೆ. ತೊಂದರೆ ಏನಂದರೆ ನಲವತ್ತು ಜನರ ಗುಂಪು, ಒಬ್ಬರು ತಡ ಮಾಡಿದರೆ ಎಲ್ಲರೂ ಕಾಯಬೇಕು, ಮತ್ತು ಯಾವ ಧಾಮಕ್ಕೆ ಎಷ್ಟು ಹೊತ್ತು ಎಂಬುದು ನಿಮ್ಮ ಕೈಯಲ್ಲಿಲ್ಲ. ನಾವು ಹೋದದ್ದು ಅಂಥದ್ದಲ್ಲ, ಬೇರೊಂದು ಸಂಸ್ಥೆಯ ಮೂಲಕ. ಹೋಟೆಲ್ ಎಂದು ತೋರಿಸಿದ ಫೋಟೋ ಒಂದು, ಕೊಟ್ಟ ರೂಮು ಇನ್ನೊಂದು, ಗೀಸರ್ ಇದೆ ಆದರೆ ಕರೆಂಟ್ ಇಲ್ಲ. ದುಡ್ಡು ಕೊಡುವ ಮುಂಚೆ ಎರಡು ಪ್ರಶ್ನೆ ಬರಹದಲ್ಲಿ ಕೇಳಿ: ಕೇದಾರದ ರಾತ್ರಿ ಮೇಲೋ ಕೆಳಗೋ? ರಸ್ತೆ ಮುಚ್ಚಿ ಒಂದು ದಿನ ಜಾಸ್ತಿ ಆದರೆ ರೂಮು, ಗಾಡಿಯ ಖರ್ಚು ಯಾರದು? ಈ ಎರಡಕ್ಕೆ ನೇರ ಉತ್ತರ ಕೊಡದವರನ್ನು ಬಿಟ್ಟುಬಿಡಿ.

ಕಾಗದ ಪತ್ರ

ಉತ್ತರಾಖಂಡ ಸರ್ಕಾರದ ನೋಂದಣಿ ಎಲ್ಲರಿಗೂ ಕಡ್ಡಾಯ, ಆನ್‌ಲೈನ್‌ನಲ್ಲೇ ಆಗುತ್ತದೆ. ಯಾವ ಧಾಮಕ್ಕೆ ಯಾವ ದಿನ ಎಂದು ಅದರಲ್ಲೇ ಆರಿಸಬೇಕು, ಕ್ಯೂಆರ್ ಕೋಡ್ ಬರುತ್ತದೆ, ದಾರಿಯಲ್ಲಿ ತಪಾಸಣೆ ಮಾಡುತ್ತಾರೆ. ಮೊದಲು ನೋಂದಣಿ, ಆಮೇಲೆ ವಿಮಾನದ ಟಿಕೆಟ್. ಇದನ್ನು ಉಲ್ಟಾ ಮಾಡಿ ಋಷಿಕೇಶದಲ್ಲಿ ದಿನಗಟ್ಟಲೆ ಕಾದವರಿದ್ದಾರೆ. ಹೆಲಿಕಾಪ್ಟರ್ ಟಿಕೆಟಿಗೂ ಈ ನೋಂದಣಿ ಬೇಕು. ಐವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಹೊರಡುವ ಮುನ್ನ ಡಾಕ್ಟರ ಹತ್ತಿರ ಹೋಗಿ ಬನ್ನಿ, ಮಾತ್ರೆಯ ಚೀಟಿ ಜೊತೆಗಿರಲಿ. ದಾರಿಯಲ್ಲಿ ಎದೆ ಬಿಗಿಯಾದರೆ, ನಡೆಯುವಾಗ ಮಾತು ತೊದಲಿದರೆ ದೇವರ ಮೇಲೆ ಭಾರ ಹಾಕಿ ಮುಂದೆ ಹೋಗಬೇಡಿ, ಅಲ್ಲಲ್ಲಿ ಆರೋಗ್ಯ ಕೇಂದ್ರಗಳಿವೆ, ತೋರಿಸಿ ಕೆಳಗಿಳಿಯಿರಿ. ನಗದು ಜಾಸ್ತಿ ಇಟ್ಟುಕೊಳ್ಳಿ, ನೆಟ್‌ವರ್ಕ್ ಹೋದರೆ ಯುಪಿಐ ಕೂಡ ಹೋಗುತ್ತದೆ. ಗುಡಿಯ ಒಳಗೆ ಫೋಟೋ ತೆಗೆಯುವಂತಿಲ್ಲ.

ಕರ್ನಾಟಕದವರಿಗೆ ಮುಜರಾಯಿ ಇಲಾಖೆ ಚಾರ್‌ಧಾಮ್ ಯಾತ್ರೆಗೆ 20,000 ರೂಪಾಯಿ ಸಹಾಯಧನ ಕೊಡುತ್ತದೆ. ಯಾತ್ರೆ ಮುಗಿಸಿ ಬಂದ ಮೇಲೆ ಅರ್ಜಿ ಹಾಕುವುದು, ಆ ವರ್ಷದ ನಿಯಮವನ್ನು ಹೊರಡುವ ಮುಂಚೆಯೇ ಓದಿಕೊಳ್ಳಿ, ಒಂದೆರಡೇ ಧಾಮಕ್ಕೆ ಹೋಗುವವರಂತೂ ಗಮನವಿಟ್ಟು ಓದಿ. ಟಿಕೆಟ್, ನೋಂದಣಿ ಚೀಟಿ, ರೂಮಿನ ರಸೀದಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ನಮ್ಮವು ಚಿಕ್ಕಮ್ಮನ ಕೈಚೀಲದಲ್ಲಿದ್ದವು, ತಪ್ತಕುಂಡದಲ್ಲಿ ಚೀಲ ಸಮೇತ ನೆನೆದು ಮುದ್ದೆಯಾದವು.